ಗುಡಾಣದ ಗೌಡ

ಗೋಡೆಯೊಳಗೆ ಹುಗಿದ ಮಣ್ಣಿನ ಗುಡಾಣದ ಬಾಯಿಗೆ ಅಷ್ಟೊಂದು ಹುಳ ಕವಿದದ್ದನ್ನು ಮುದುಕಪ್ಪ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಬೆಳಗಿನ ಬಿಸಿಲು ಗೋಡೆಗೆ ತಾಗಿದ್ದೇ ತಡ, ನಸರಿ ಹುಳಗಳು ಬುಳುಬುಳು ಹೊರಬಿದ್ದು ಮೇಣದ ಕೊಳವೆಯ ಮುಂದೆ ತೂಗಾಡುತ್ತ ನಿಂತುಬಿಡುತ್ತಿದ್ದವು. ನಸರಿ ಅಂದರೆ ಮುಳ್ಳಿಲ್ಲದ ಜೇನು. ನೊಣಕ್ಕಿಂತ ಸಣ್ಣದು, ಕರ್ರಗಿನದು, ಸಿಟ್ಟು ಬಂದರೆ ತಲೆಗೂದಲಿಗೆ ಅಂಟಿಕೊಂಡು ಪೀಡಿಸುವುದು ಬಿಟ್ಟರೆ ಬೇರೆ ಆಯುಧ ಗೊತ್ತಿಲ್ಲದ್ದು. ಮುದುಕ ಕಟ್ಟೆಯ ಮೇಲೆ ಕೂತು, ಓಣಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ತೋರಿಸಿದ್ದೇ ತೋರಿಸಿದ್ದು.

"ನೋಡ್ರಿ, ಮನಿ ಹೆಂಗ ತುಂಬೈತಿ ನೋಡ್ರಿ. ಅಮ್ಮ ಒಪ್ಪಿಗಿ ಕೊಟ್ಟಾಳ."

ದೇವಿ ಯಾವುದಕ್ಕೆ ಒಪ್ಪಿಗೆ ಕೊಟ್ಟಳು ಎಂದು ಯಾರೂ ಕೇಳುತ್ತಿರಲಿಲ್ಲ. ಕಮಲಾಪುರದ ಕೆರೆಯ ಕೆಳಗಿನ ಆ ಓಣಿಗೆಲ್ಲ ಗೊತ್ತಿತ್ತು: ಬರುವ ಭಾರತ ಹುಣ್ಣಿಮೆಗೆ ಮುದುಕಪ್ಪ ತನ್ನ ಮೊಮ್ಮಗಳು ಜಂಬಮ್ಮನನ್ನು ಬಸವಿ ಬಿಡುವವನಿದ್ದ.

ಬಳ್ಳಾರಿ ಸೀಮೆ ಇನ್ನೂ ಮದ್ರಾಸಿನವರ ಕೈಯಲ್ಲಿದ್ದ ಕಾಲ ಅದು. ಗಂಡುಮಕ್ಕಳಿಲ್ಲದ ಮನೆಯವರು ಮಗಳೊಬ್ಬಳ ಕೊರಳಿಗೆ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿ ಮನೆಯಲ್ಲೇ ಇರಿಸಿಕೊಳ್ಳುತ್ತಿದ್ದರು. ಅವಳಿಗೆ ಮದುವೆಯಿಲ್ಲ, ಅವಳೇ ಆ ಮನೆಯ ಮಗ. ಹೊಲ ಅವಳ ಹೆಸರಿಗೆ, ಚಟ್ಟಕ್ಕೆ ಹೆಗಲು ಅವಳದು, ಅವಳಿಗೆ ಹುಟ್ಟಿದ ಮಕ್ಕಳು ತಾತನ ಮಕ್ಕಳು. ಆ ಮಕ್ಕಳ ಅಪ್ಪ ಯಾರು ಎಂದು ಊರಿಗೆಲ್ಲ ಗೊತ್ತಿರುತ್ತಿತ್ತು, ಬಾಯಿಬಿಟ್ಟು ಹೇಳುವ ಪದ್ಧತಿ ಮಾತ್ರ ಇರಲಿಲ್ಲ. ಮುದುಕಪ್ಪ ತನ್ನ ಒಬ್ಬಳೇ ಮಗಳು ಹೊನ್ನೂರಮ್ಮನನ್ನು ಹಾಗೆ ಬಿಟ್ಟಿದ್ದ. ಅವಳನ್ನು ಅವನು ಕರೆಯುತ್ತಿದ್ದದ್ದೂ "ಮಗನಾ" ಎಂದೇ. ಮನೆಗೆ ಒಂದು ಗಂಡು ಕೂಸು ಬರಲಿ ಎಂದು ಇಷ್ಟೆಲ್ಲ ಮಾಡಿದರೆ ಹೊನ್ನೂರಮ್ಮ ಹೆತ್ತದ್ದು ಜಂಬಮ್ಮ ಒಬ್ಬಳನ್ನೇ. ಮುದುಕ ಕಾದ, ಹರಕೆ ಹೊತ್ತ, ಮತ್ತೆ ಕಾದ. ಜಂಬಮ್ಮನಿಗೆ ಹದಿನೆಂಟು ತುಂಬಿದಾಗ, ಇನ್ನು ಇವಳನ್ನೇ ಮಗ ಮಾಡಿಕೊಳ್ಳುವುದು ಎಂದು ತೀರ್ಮಾನಿಸಿಬಿಟ್ಟ.

ಹೊನ್ನೂರಮ್ಮ ಒಂದೇ ಒಂದು ಸಲ, ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಹೇಳಿದ್ದಳು. "ಬ್ಯಾಡಪ್ಪ. ನನಗಾದದ್ದು ಸಾಕು. ಆ ಕೂಸಿಗೆ ಬ್ಯಾಡ."

"ನಿನಗೇನಾತು? ರಾಜನಂಗ ಅದಿ," ಎಂದು ಮುದುಕ ಎದ್ದು ಹೋಗಿದ್ದ. ಅಲ್ಲಿಗೆ ಆ ಮಾತು ಮುಗಿದಿತ್ತು. ಹೊನ್ನೂರಮ್ಮ ಎದುರು ಮಾತಾಡುವ ಹೆಣ್ಣಲ್ಲ ಎಂದು ಓಣಿಯಲ್ಲಿ ಹೆಸರಿತ್ತು, ಮುದುಕನಿಗೂ ಅದೇ ಹೆಮ್ಮೆ.

ಆ ಗುಡಾಣದ ವಿಷಯ ಹೇಳಬೇಕು. ಮುದುಕಪ್ಪನ ತಾತ ಮನೆಗೆ ಮಣ್ಣಿನ ಗೋಡೆ ಎತ್ತುವಾಗಲೇ ಅದನ್ನು ಗೋಡೆಯೊಳಗೆ ಅಡ್ಡ ಮಲಗಿಸಿ ಹುಗಿದಿದ್ದ. ಬಾಯಿ ಓಣಿಯ ಕಡೆಗೆ, ತಳ ನಡುಮನೆಯ ಕಡೆಗೆ. ತಳವನ್ನು ಒಡೆದು ತಟ್ಟೆ ಮುಚ್ಚಿ ಸಗಣಿ ಮಣ್ಣು ಮೆತ್ತಿದ್ದರು, ಬೇಕಾದಾಗ ಮನೆಯೊಳಗಿನಿಂದಲೇ ತೆಗೆಯಬಹುದಿತ್ತು. ದರೋಜಿ ಗುಡ್ಡದಿಂದ ಕರಡಿ ಇಳಿದು ಬಂದರೂ ಗೋಡೆಯೊಳಗಿನ ಜೇನು ಅದರ ಕೈಗೆ ಸಿಗುವ ಹಾಗಿರಲಿಲ್ಲ. ಈ ಮನೆಯಲ್ಲಿ ಮುತ್ತು ಕಟ್ಟುವ ದಿನ ಅಮ್ಮನಿಗೆ ಮೊದಲು ಏರುವುದು ಈ ಗುಡಾಣದ ಜೇನು. ಬಾಯಲ್ಲಿ ಹುಳ ಹೆಚ್ಚಾಗಿ ಕವಿದರೆ ಅಮ್ಮ ಒಪ್ಪಿದಳೆಂದು ಲೆಕ್ಕ.

ಗೂಡಿನೊಳಗೆ ಉಳಿದೆಲ್ಲ ಹುಳಕ್ಕಿಂತ ದೊಡ್ಡದಾದ, ಹೊಟ್ಟೆ ಉಬ್ಬಿದ ಒಂದೇ ಒಂದು ಹುಳ ಇರುತ್ತದೆ. ಇವರ ಮನೆಯಲ್ಲಿ ಅದನ್ನು ಗೌಡ ಅನ್ನುತ್ತಿದ್ದರು. ದುಡಿಯುವುದಿಲ್ಲ, ಹೊರಗೆ ಬರುವುದಿಲ್ಲ, ಕೂತಲ್ಲಿಗೆ ತುತ್ತು ಬರುತ್ತದೆ, ಸುತ್ತಲೂ ನಾಲ್ಕು ಆಳು ಕಾದುಕೊಂಡಿರುತ್ತವೆ. ಗಂಡಸಲ್ಲದೆ ಇನ್ಯಾರಿರಬೇಕು? ಗೌಡ ತೀರ ಮುದಿಯಾಗಿ ಹೊಟ್ಟೆ ಎಳೆಯುವಂತಾದರೆ ತೆಗೆದುಬಿಡಬೇಕು, ಅಂಚಿನ ದೊಡ್ಡ ಗೂಡುಗಳಲ್ಲಿ ಹೊಸ ಗೌಡ ಬೆಳೆಯುತ್ತಿರುತ್ತಾನೆ, ಅವನು ಎದ್ದು ಮನೆ ನೋಡಿಕೊಳ್ಳುತ್ತಾನೆ. ಮುದುಕಪ್ಪನಿಗೆ ಅವನಪ್ಪ ಹೇಳಿಕೊಟ್ಟ ಕ್ರಮ ಇದು, ಅವನಪ್ಪನಿಗೆ ಅವನಪ್ಪ.

ದೀಪಾವಳಿಯ ಹೊತ್ತಿಗೆ ಮುದುಕಪ್ಪ ತಟ್ಟೆ ತೆಗೆದು ನೋಡಿದಾಗ ಗೌಡನ ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು. ಎರಡು ಬೆರಳಲ್ಲಿ ಹಿಡಿದು ಹೊಸಕಿ ಹಾಕಿದ. ಅಂಚಿನಲ್ಲಿ ದೊಡ್ಡ ಗೂಡುಗಳು ಮೂರೋ ನಾಲ್ಕೋ ಇದ್ದವು. ಗೌಡಿಕೆಗೆ ಜಗಳ ಬೇಡವೆಂದು ಒಂದನ್ನು ಮಾತ್ರ ಉಳಿಸಿ ಮಿಕ್ಕವನ್ನು ಚಿವುಟಿದ. ಮೂರು ತಿಂಗಳಲ್ಲಿ ಬಾಯ ಮುಂದೆ ಈ ಪರಿ ಹುಳ! ಹೊಸ ಗೌಡನ ಕೈಗುಣವೇ ಕೈಗುಣ ಎಂದು ಮುದುಕ ಬೀಗಿದ್ದು ಅದಕ್ಕೇ.

ಹುಣ್ಣಿಮೆ ಇನ್ನೇನು ಮೂರು ದಿನ ಅನ್ನುವಾಗ ಕಂಪ್ಲಿಯ ಕಡೆಯಿಂದ ಒಂದು ಬಂಡಿ ಬಂದು ಮನೆ ಮುಂದೆ ನಿಂತಿತು. ಮೊದಲು ಇಳಿದವನು ತೋಟಪ್ಪ. ಅವನನ್ನು ಕಂಡದ್ದೇ ಮುದುಕಪ್ಪ ಮುಖ ಆಚೆ ತಿರುಗಿಸಿದ.

ತೋಟಪ್ಪ ಕಂಪ್ಲಿಯಲ್ಲಿ ಹರಿಗೋಲು ಹಾಕುವವನು. ವರ್ಷಕ್ಕೊಮ್ಮೆ ಸುಗ್ಗಿ ಕಳೆದ ಮೇಲೆ ಬಂದು, ಹರಿಗೋಲಿನ ಬಿರುಕಿಗೆ ಮೆತ್ತಲು ನಸರಿಯ ಕರಿಮೇಣ ಕೇಳಿ ಒಯ್ಯುತ್ತಿದ್ದ. ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದ. ಮುದುಕ ಒಳಗೆ ಕರೆಯುತ್ತಿರಲಿಲ್ಲ, ಅವನೂ ಬರುತ್ತಿರಲಿಲ್ಲ. ಜಂಬಮ್ಮ ಚಿಕ್ಕಂದಿನಿಂದಲೂ ಅವನಿಗೆ ಒಂದು ತಂಬಿಗೆ ನೀರು ಕೊಟ್ಟು ನಿಂತಿರುತ್ತಿದ್ದಳು. ಅವನು ಅವಳನ್ನು ಒಂದೆರಡು ಮಾತು ಕೇಳಿ, ತಂಬಿಗೆ ವಾಪಸು ಕೊಡುವಾಗ ಅದರಲ್ಲಿ ಒಂದಿಷ್ಟು ಬೆಂಡು ಬತ್ತಾಸು ಹಾಕಿರುತ್ತಿದ್ದ. ಕಂಪ್ಲಿಯಲ್ಲಿ ಮೇಣ ಸಿಗುವುದಿಲ್ಲವೇ? ಸಿಗುತ್ತದೆ. ಓಣಿಗೆಲ್ಲ ಅದು ಗೊತ್ತಿತ್ತು, ಮುದುಕಪ್ಪನಿಗೂ ಗೊತ್ತಿತ್ತು.

ಹೊನ್ನೂರಮ್ಮನಿಗೆ ಮುತ್ತು ಕಟ್ಟುವ ಮುಂಚೆ ಇದೇ ತೋಟಪ್ಪ ಹೆಣ್ಣು ಕೇಳಿಕೊಂಡು ಬಂದಿದ್ದ. ಮುದುಕಪ್ಪ ಓಣಿಯೆಲ್ಲ ಕೇಳುವಂತೆ ನಕ್ಕಿದ್ದ. "ಹೆಣ್ಣು ಈ ಮನ್ಯಾಗ ಇಲ್ಲ, ಇರೋದು ಮಗ. ಹೆಣ್ಣು ಕೊಡಂಗಿಲ್ಲ. ಬಂದ ತಪ್ಪಿಗೆ ಬೇಕಾದ್ರ ಒಂದು ಗಡಿಗಿ ನಸರಿ ಒಯ್ಯಿ!" ಗುಡಾಣದಿಂದ, ಹುಳ ಮರಿಮಾಡುವ ಗೂಡುಗಳ ಒಂದು ತುಂಡು ತಟ್ಟಿ ಕಿತ್ತು, ಅದರ ಅಂಚಿಗೆ ಒಂದು ದೊಡ್ಡ ಗೂಡು ಇರುವಂತೆ ನೋಡಿ, ಗಡಿಗೆಗೆ ಹಾಕಿ ಕೈಗೆ ಕೊಟ್ಟಿದ್ದ. ತೋಟಪ್ಪ ಅವಮಾನ ನುಂಗಿಕೊಂಡು ಆ ಗಡಿಗೆಯನ್ನು ಎದೆಗೊತ್ತಿ ಹಿಡಿದು ಹೊರಟವನು ಮತ್ತೆ ಎಲ್ಲೂ ಹೆಣ್ಣು ನೋಡಲಿಲ್ಲ. ಹೊನ್ನೂರಮ್ಮನಿಗೆ ಮುತ್ತು ಕಟ್ಟಿದ ಮೇಲೂ ಬರುವುದನ್ನು ಬಿಡಲಿಲ್ಲ.

ಇವತ್ತು ಅವನು ಬಂಡಿಯಿಂದ ಬಾಯಿಗೆ ಬಟ್ಟೆ ಕಟ್ಟಿದ ಅದೇ ಗಡಿಗೆಯನ್ನು ಮಗುವನ್ನು ಇಳಿಸುವ ಹಾಗೆ ಇಳಿಸಿದ. ಹಿಂದಿನಿಂದ ಕೋಟು ಹಾಕಿದ ಒಬ್ಬ ತೆಳ್ಳನೆಯ ಮನುಷ್ಯ ಇಳಿದು ದೊಡ್ಡದಾಗಿ ಕೈ ಮುಗಿದ. ಹೊಸಪೇಟೆಯ ಹೈಸ್ಕೂಲಿನ ಮರಿಸ್ವಾಮಿ ಮೇಷ್ಟ್ರು.

"ನಾವು ಮಾವನ ಮನಿಗೆ ಕಂಪ್ಲಿಗೆ ಹೋಗಿದ್ವಿರಿ. ಅಲ್ಲಿ ತೋಟಪ್ಪನ ಹಂತ್ಯಾಕ ಈ ನಸರಿ ಕಂಡೆ. ಇದರ ತವರುಮನಿ ಕಮಲಾಪುರದಾಗೈತಿ ಅಂದ. ತಡಕೊಳ್ಳಾಕ ಆಗಲಿಲ್ಲ ನೋಡ್ರಿ! ಒಂದ ಕುಲದ್ದು ಎರಡು ಊರಾಗ ಬೆಳದಾವ. ಎಷ್ಟು ಬದಲಾಗ್ಯಾವ, ಏನು ಹಂಗ ಉಳದಾವ, ಎರಡೂ ಬಿಚ್ಚಿ ಬಾಜೂಬಾಜೂ ಇಟ್ಟು ನೋಡಬೇಕು."

ಇಂಥವರನ್ನು ಏನನ್ನಬೇಕು? ಮನೆಯಲ್ಲಿ ಮುತ್ತು ಕಟ್ಟುವ ಗಡಿಬಿಡಿ, ಈ ಮನುಷ್ಯನಿಗೆ ಹುಳದ ಚಿಂತೆ. ಆದರೂ ಕೋಟು ಹಾಕಿದವರು, ಓದಿದವರು, ತನ್ನ ಗುಡಾಣವನ್ನು ನೋಡಲು ಬಂದಿದ್ದಾರೆ ಎಂದಾಗ ಮುದುಕನ ಮೀಸೆ ತಾನಾಗಿ ಮೇಲೆದ್ದಿತು. "ಬರ್ರಿ ಮೇಷ್ಟ್ರ, ಕುಂದ್ರಿ," ಎಂದ. ಮೇಷ್ಟ್ರನ್ನು ನಡುಮನೆಗೆ ಕರೆದ. ತೋಟಪ್ಪ ಗಡಿಗೆಯನ್ನು ಹೊಸ್ತಿಲೊಳಗೆ ಇಟ್ಟು, ತಾನು ಎಂದಿನಂತೆ ಹೊರಗಿನ ಕಟ್ಟೆಯ ಮೇಲೆ ಕೂತ. ನೆರೆಯ ಭರಮಮ್ಮ, ಇನ್ನಿಬ್ಬರು ಹೆಂಗಸರು ಸೆರಗು ಸರಿಮಾಡಿಕೊಂಡು ಬಂದು ಬಾಗಿಲಿಗೆ ನಿಂತರು.

ಮೇಷ್ಟ್ರು ಮೊದಲು ತೋಟಪ್ಪನ ಗಡಿಗೆಯ ಬಟ್ಟೆ ಬಿಚ್ಚಿದ. ಹುಳಗಳು ಅವನ ತಲೆಗೆ ಮುತ್ತಿ ಕೂದಲೊಳಗೆ ಹೊಕ್ಕವು. ಅವನು ಒಂದು ಕೈಯಲ್ಲಿ ತಲೆ ಕೆರೆಯುತ್ತ ಇನ್ನೊಂದು ಕೈಯಲ್ಲಿ ಭೂತಕನ್ನಡಿ ಹಿಡಿದು ಪಾಠ ಶುರುಮಾಡಿಯೇಬಿಟ್ಟ.

"ಇವಕ್ಕ ಮುಳ್ಳಿಲ್ಲ ಅಂತೀರಲ್ಲ, ಪೂರ್ತಿ ಇಲ್ಲ ಅಂತಲ್ರಿ. ಎಷ್ಟೋ ಕೋಟಿ ವರ್ಷದ ಹಿಂದ ಇವುಗಳ ಹಿರೀಕರಿಗೆ ಮುಳ್ಳಿತ್ತು. ಬರಬರ್ತಾ ಮೊಂಡಾತು. ಈಗ್ಲೂ ಸೀಳಿ ನೋಡಿದ್ರ ಒಳಗ ಒಂದು ತುಣುಕು ಐತಿ. ಮರದ ಅಂಟಿನಾಗ ಸಿಕ್ಕು ಕಲ್ಲಾದ ನಸರಿ ಹುಳ ದೂರ ದೇಶದಾಗ ಸಿಕ್ಕಾವ. ಅವನ್ನ ನೋಡಿದ್ರ ನಿಮ್ಮ ಗುಡಾಣದ್ದ ಅಂತೀರಿ, ಹಂಗ ಅದಾವಂತ!"

"ಅದಿರಲಿ. ಗೌಡ ಎಲ್ಲೈತಿ ನೋಡ್ರಿ," ಎಂದ ಮುದುಕಪ್ಪ.

ಮೇಷ್ಟ್ರು ತಟ್ಟಿಯ ಮೇಲೆ ಬೆರಳು ತೋರಿಸಿ ಕನ್ನಡಿಯನ್ನು ಮುದುಕನ ಕೈಗೆ ಕೊಟ್ಟ. ಇಷ್ಟು ವರ್ಷ ಜೇನು ಸಾಕಿದವನು ಗೌಡನನ್ನು ಅಷ್ಟು ದೊಡ್ಡದಾಗಿ ಎಂದೂ ಕಂಡಿರಲಿಲ್ಲ. ಆಳುಗಳು ಒಂದು ಗೂಡಿನೊಳಗೆ ತಲೆ ಹಾಕಿ ತುತ್ತು ಸುರಿದವು. ಒಂದಾದ ಮೇಲೆ ಒಂದು, ಬಾಗಿ ಸುರಿದು ಸರಿದವು. ಗೌಡ ನಿಧಾನವಾಗಿ ನಡೆದು ಬಂದು, ಗೂಡಿಗೆ ಬೆನ್ನು ತಿರುಗಿಸಿ, ಹೊಟ್ಟೆಯ ತುದಿ ಇಳಿಬಿಟ್ಟು ನಿಂತ. ಸರಿದಾಗ ತುತ್ತಿನ ಮೇಲೆ ಒಂದು ಬಿಳಿಯ ಕಡ್ಡಿಯಂಥದ್ದು ನೆಟ್ಟಗೆ ನಿಂತಿತ್ತು. ಆಳುಗಳು ಗೂಡಿನ ಬಾಯಿ ಮುಚ್ಚಿದವು.

"ಮೇಷ್ಟ್ರ, ಗೌಡ ಏನೋ ಇಟ್ಟ."

"ಮೊಟ್ಟಿ ಇಟ್ಲು."

"ಇಟ್ಲು?"

"ಮತ್ತ? ಅದು ಗೌಡ ಅಲ್ರಿ, ತಾಯಿ. ಈ ಗಡಿಗ್ಯಾಗಿರೋ ಅಷ್ಟೂ ಹುಳದ ಹಡದವ್ವ ಅದ. ಉಳಿದ ಆಳಂತೀರಲ್ಲ, ಅವೂ ಹೆಣ್ಣ, ಅದರ ಹೆಣ್ಣುಮಕ್ಕಳು. ಮನಿ ಕಟ್ಟೋವು, ಕಾಯೋವು, ಬುತ್ತಿ ತರೋವು ಎಲ್ಲಾ ಹೆಣ್ಣ."

ಮುದುಕಪ್ಪ ಕನ್ನಡಿಯನ್ನು ಕೆಳಗಿಳಿಸಿದ. ಅವನು ತನ್ನ ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ನೋಡಿಕೊಂಡ. ದೀಪಾವಳಿಯ ದಿನ ಆ ಬೆರಳುಗಳ ನಡುವೆ ಸಿಕ್ಕದ್ದು ತೇವವಾಗಿ ಮೆತ್ತಗಿತ್ತು, ಬೆರಳಿಗೆ ಬಿಳಿಯದೇನೋ ಅಂಟಿಕೊಂಡಿತ್ತು, ಅವನು ಧೋತರಕ್ಕೆ ಒರೆಸಿಕೊಂಡಿದ್ದ. ಮುದಿಗೌಡನ ಕೊಬ್ಬು ಎಂದುಕೊಂಡಿದ್ದ.

"ಇನ್ನ ಆ ಗುಡಾಣ ತಗೀರಿ," ಎಂದ ಮೇಷ್ಟ್ರು.

"ಬ್ಯಾಡ್ರಿ," ಎಂದ ಮುದುಕ. ಅವನಿಗೇ ಅವನ ದನಿ ಗುರುತು ಸಿಗಲಿಲ್ಲ. "ಈಗ ಬ್ಯಾಡ. ಹುಣ್ಣಿಮಿ ದಿನ ತೆಗಿಬೇಕದು. ಹೊರಗ ನೋಡಿದ್ರಲ್ಲ, ಮನಿ ತುಂಬೈತಿ, ಮಸ್ತ್ ಐತಿ."

ಮಾತು ಮುಗಿಯುವುದರೊಳಗೆ ಹೊನ್ನೂರಮ್ಮ ಕುಡುಗೋಲು ಹಿಡಿದು ಬಂದು ಗುಡಾಣದ ತಟ್ಟೆಯ ಸುತ್ತಲಿನ ಒಣಮಣ್ಣು ಕೆರೆಯತೊಡಗಿದ್ದಳು. ಯಾರೂ ಅವಳಿಗೆ ಹೇಳಿರಲಿಲ್ಲ.

ತಟ್ಟೆ ಕಳಚಿದ ಕೂಡಲೇ ಹುಳಿವಾಸನೆ ಬಂತು. ಜೇನಿನ ಮೇಣದ ಗುಳ್ಳೆಗಳು ದ್ರಾಕ್ಷಿಗೊನೆಯಂತೆ ಇಳಿಬಿದ್ದಿರಬೇಕಾದ ಕಡೆ ಬರೀ ಒಡೆದ ಚಿಪ್ಪುಗಳಿದ್ದವು. ಅಮ್ಮನಿಗೆ ಏರಿಸಲು ಒಂದು ಹನಿಯೂ ಇಲ್ಲ. ಗೂಡುಗಳು ಅಡ್ಡಾದಿಡ್ಡಿ, ಅರ್ಧಕ್ಕರ್ಧ ಬೂಜು. ಅದರ ಮೇಲೆಲ್ಲ ಹುಳ ಕಿಕ್ಕಿರಿದು ಸುಮ್ಮನೆ ಕೂತಿದ್ದವು. ಮೇಷ್ಟ್ರು ಒಂದನ್ನು ಹಿಡಿದು ಕನ್ನಡಿಯಲ್ಲಿ ನೋಡಿದ, ಇನ್ನೊಂದನ್ನು ಹಿಡಿದ, ಮತ್ತೊಂದನ್ನು ಹಿಡಿದ. ಅವನ ಮುಖದ ಉತ್ಸಾಹ ಇಳಿಯಿತು.

"ಇವುಗಳ ಹಿಂಗಾಲಿಗೆ ಬುಟ್ಟಿ ಇಲ್ಲ. ಹೆಣ್ಣಿಗೆ ಅಂಟು ತರಾಕ, ಹೂವಿನ ಪುಡಿ ತರಾಕ ಕಾಲಾಗ ಬುಟ್ಟಿ ಇರ್ತೈತಿ. ಇದು ಗಂಡು. ಇದೂ ಗಂಡು. ಹೊರಗ ಬಾಯಿಗೆ ಕವಿದಾವಲ್ಲ, ಅವೂ ಗಂಡ. ದುಡ್ಯಾಕ ಬರಂಗಿಲ್ಲ, ಇದ್ದದ್ದು ತಿಂದು ಬಿಸಲಿಗೆ ಆಡ್ತಾವ. ಒಳಗ ನಾಕು ಮುದಿ ಹೆಣ್ಣು ಉಳದಾವ, ಅವೂ ಇವತ್ತೋ ನಾಳೆಗೋ."

"ಎಲ್ಲಾ ಗಂಡ?" ಎಂದ ಮುದುಕಪ್ಪ.

"ಎಲ್ಲಾ ಗಂಡ. ಈ ಮನಿ ಮುಗೀತು, ಅಜ್ಜಾರ."

ಗಂಡು ತುಂಬಿದ ಮನೆ. ಅದಕ್ಕಾಗಿ ಮುದುಕಪ್ಪ ಎಷ್ಟು ಗುಡಿಯ ಮೆಟ್ಟಿಲು ಹತ್ತಿರಲಿಲ್ಲ? ಇಗೋ, ಕಣ್ಣೆದುರಿಗೇ ಇತ್ತು. ನೋಡಲಾರದೆ ಅವನು ಕಂಬಕ್ಕೆ ಒರಗಿ ಕುಸಿದ.

"ತಾಯಿ ಎಲ್ಲಿ ಹೋದ್ಲೋ," ಎಂದು ಮೇಷ್ಟ್ರು ಬೂಜಿನಲ್ಲಿ ಕಡ್ಡಿ ಆಡಿಸಿದ. "ಯಾರರ ತೆಗದ್ರೇನು?"

"ನಾ ತೆಗದೆ. ಮುದಿ ಆಗ್ಯಾನ ಅಂತ ತೆಗದೆ. ಇನ್ನೊಬ್ಬ ಏಳ್ಲಿ ಅಂತ ಒಂದು ಗೂಡು ಉಳಿಸಿದ್ದೆನಲ್ರಿ."

"ಬರೇ ಒಂದ? ಅದು ಎದ್ದಿರ್ತೈತಿ. ಹರೇದಾಕಿ ಒಮ್ಮೆ ಮನಿ ಬಿಟ್ಟು ಹೊರಗ ಹಾರಿ ಹೋಗಿ, ಹೊರಗಿನ ಗಂಡಿನ ಕೂಡಿ ಬರಬೇಕು. ಹೋದಾಕಿನ್ನ ಯಾವ್ದೋ ಹಕ್ಕಿ ನುಂಗಿರಬೇಕು. ಇನ್ನೊಂದೆರಡು ಗೂಡು ಇದ್ದಿದ್ರ ಇನ್ನೊಬ್ಬಾಕಿ ಹೋಗ್ತಿದ್ಲು."

"ತಾಯಿ ಇಲ್ಲಂದ ಮ್ಯಾಲೆ ಇಷ್ಟು ಹುಳ ಎಲ್ಲಿಂದ ಬಂದ್ವು?" ಎಂದು ಬಾಗಿಲಿನಿಂದ ಭರಮಮ್ಮ ಕೇಳಿದಳು. ಕೇಳದೇ ಇರಬಹುದಿತ್ತು.

ಮೇಷ್ಟ್ರ ಮುಖಕ್ಕೆ ಮತ್ತೆ ಕಳೆ ಬಂತು. ಪಾಠ ಹೇಳುವವರಿಗೆ ಪ್ರಶ್ನೆ ಕೇಳುವವರು ಸಿಕ್ಕರೆ ಹೆಣದ ಮುಂದೆಯೂ ಖುಷಿಯೇ. "ಅದ ಚಮತ್ಕಾರ ನೋಡ್ರಿ! ತಾಯಿ ಇಲ್ದಾಗ ಈ ಆಳು ಹೆಣ್ಣುಗಳು ಗಂಡಿನ ಸಂಗ ಇಲ್ದ ಮೊಟ್ಟಿ ಇಡ್ತಾವ. ಅದರಾಗ ಬರೇ ಗಂಡು ಹುಟ್ಟತಾವ. ಅಂದ್ರ ಈ ಗಂಡುಗಳಿಗೆ ಅಪ್ಪ ಅನ್ನೋನ ಇಲ್ಲ. ಆದ್ರ ಹಡದಾಕಿಗೆ ಅಪ್ಪ ಇದ್ನಲ್ಲ? ಹಂಗಾಗಿ ತಾತ ಇರ್ತಾನ! ಅಪ್ಪ ಇಲ್ಲ, ತಾತ ಅದಾನ! ಹೆಂಗೈತಿ ಸಂಸಾರ?"

ಎಂದು ತಾನೇ ಜೋರಾಗಿ ನಕ್ಕ. ಶಾಲೆಯಲ್ಲಿ ಈ ಮಾತಿಗೆ ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೇನೋ. ಇಲ್ಲಿ ಭರಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ಜಂಬಮ್ಮ ಕೈಯಲ್ಲಿ ತಂಬಿಗೆ ಹಿಡಿದು ನಿಂತವಳು ನಿಂತೇ ಇದ್ದಳು. ಪಾಪ, ಮೇಷ್ಟ್ರಿಗೆ ಈ ಮನೆಯ ಸಂಗತಿ ಗೊತ್ತಿರಲಿಲ್ಲ. ನಗು ಅರ್ಧಕ್ಕೆ ನಿಲ್ಲಿಸಿ, ತನ್ನ ಕೋಟಿನ ಮೇಲೆ ಏನಾದರೂ ಬಿದ್ದಿದೆಯೇ ಎಂದು ನೋಡಿಕೊಂಡ.

ಮುದುಕಪ್ಪನ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಅಪ್ಪ ಇಲ್ಲ, ತಾತ ಅದಾನ. ಇದೇ ಮಾತನ್ನು ಅವನು ಜಂಬಮ್ಮ ಹುಟ್ಟಿದ ದಿನ ಇದೇ ನಡುಮನೆಯಲ್ಲಿ ನಿಂತು ಎದೆತಟ್ಟಿ ಹೇಳಿದ್ದ.

ಹೊನ್ನೂರಮ್ಮ ಕುಡುಗೋಲನ್ನು ಕೆಳಗಿಟ್ಟಳು.

"ಹೆಣ್ಣು ಹುಟ್ಟಬೇಕಾದ್ರ, ಮೇಷ್ಟ್ರ?"

ಮೇಷ್ಟ್ರು ಬದುಕಿದೆ ಎನ್ನುವಂತೆ ಅವಳ ಕಡೆ ತಿರುಗಿದ. "ಹೆಣ್ಣಿಗೆ ಅಪ್ಪ ಬೇಕಬೇಕ್ರಿ, ಅಕ್ಕಾರ. ಅಪ್ಪ ಇಲ್ದ ಹೆಣ್ಣು ಈ ಕುಲದಾಗ ಹುಟ್ಟಂಗ ಇಲ್ಲ."

"ಕೇಳಿದಿ ಏನು, ಜಂಬಿ?" ಹೊನ್ನೂರಮ್ಮನ ದನಿ ಏರಲಿಲ್ಲ, ಇಳಿಯಲಿಲ್ಲ. "ತಂಬಿಗಿ ತಗೊಂಡು ಯಾಕ ನಿಂತಿ? ಹೋಗಿ ಕೊಡು. ಹೊರಗ ಕಟ್ಟಿ ಮ್ಯಾಲೆ ಕುಂತಾರಲ್ಲ, ಅವರ ನಿಮ್ಮಪ್ಪ."

ಮುದುಕಪ್ಪನಿಗೆ ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು. ಊರಿಗೆಲ್ಲ ಗೊತ್ತಿದ್ದ ಮಾತೇ ಅದು. ಆದರೆ ಗೊತ್ತಿರುವುದು ಬೇರೆ, ನಡುಮನೆಯಲ್ಲಿ, ಹಗಲಲ್ಲಿ, ನಾಲ್ಕು ಜನರ ಮುಂದೆ ಬಾಯಿಂದ ಬೀಳುವುದು ಬೇರೆ. ಅವನು ಕಂಬ ಹಿಡಿದು ಎದ್ದ.

"ಲೇ ಮಗನಾ! ಬಾಯಿ..."

"ಮಗ ಅಲ್ಲಪ್ಪ ನಾನು." ಅವಳು ಅವನ ಮುಖವನ್ನೇ ನೋಡುತ್ತಿದ್ದಳು. "ಅವ್ವನ ಚಟ್ಟ ಹೊತ್ತೆ. ಹೊಲದಾಗ ಗಳೇ ಹೊಡದೆ. ನೀನು ಮಗ ಅಂದಿ, ಹೂಂ ಅಂದೆ. ಈ ಹುಡುಗಿಗೆ ಅಪ್ಪ ಇಲ್ಲ ಅಂದಿ, ಅದಕ್ಕೂ ಹೂಂ ಅಂದೆ. ಒಂದಲ್ಲ ಎರಡಲ್ಲ, ಹದಿನೆಂಟು ವರ್ಷ ಆ ಮನುಷ್ಯ ಮೇಣದ ನೆವಾ ಹೇಳಿಕೊಂಡು ತನ್ನ ಮಗಳ ಕೈಯಾಗಿನ ನೀರು ಕುಡದು ಹೋಗ್ಯಾನ. ನೀನು ಒಮ್ಮಿ ಒಳಗ ಬಾ ಅನ್ಲಿಲ್ಲ. ಈಗ ಇದನ್ನೂ ಮಗ ಮಾಡ್ತಿ ಏನು? ಮಾಡು. ಗುಡಾಣ ಕಣ್ಣ ಮುಂದ ಐತಿ, ನೋಡಿಕೊಂಡ ಮಾಡು."

ಮುಳ್ಳಿಲ್ಲ ಎಂದುಕೊಂಡಿದ್ದನಲ್ಲ! ಮುದುಕ ಗುಡಾಣ ನೋಡಿದ, ಮಗಳನ್ನು ನೋಡಿದ. ಯಾರನ್ನು ತಾನು ಬೆರಳಲ್ಲಿ ಹೊಸಕಿದ್ದು?

ಜಂಬಮ್ಮ ತಂಬಿಗೆ ಹಿಡಿದು ಹೊರಗೆ ಹೋದಳು. ನೀರು ಅಲುಗಿ ಹೊಸ್ತಿಲ ಮೇಲೆ ಚೆಲ್ಲಿತು. ಕಟ್ಟೆಯ ಕಡೆಯಿಂದ ಗಂಡಸೊಬ್ಬನು ಬಿಕ್ಕುವ ಸದ್ದು ಕೇಳಿಸಿತು.

ಮೇಷ್ಟ್ರಿಗೆ ಈಗ ಅಷ್ಟಿಷ್ಟು ಹೊಳೆದಿತ್ತು. ಬೆವರು ಒರೆಸಿಕೊಂಡು, ತನಗೆ ಗೊತ್ತಿದ್ದ ಒಂದೇ ದಾರಿಗೆ, ಹುಳದ ದಾರಿಗೆ, ಓಡಿದ. "ಅಜ್ಜಾರ, ಗುಡಾಣ ಉಳಿಸಾಕ ಒಂದು ಉಪಾಯ ಐತ್ರಿ. ತೋಟಪ್ಪನ ಗಡಿಗಿಯಿಂದ ಒಂದು ತಟ್ಟಿ, ದೊಡ್ಡ ಗೂಡು ಇರೋ ತಟ್ಟಿ, ಇದರಾಗ ಇಟ್ರ ಹೊಸ ತಾಯಿ ಏಳ್ತಾಳ. ನೀವು ಆಗ ಕೊಟ್ಟದ್ದು ಗೌಡ ಅಲ್ಲ, ಈ ಮನಿ ಮಗಳನ್ನ ಕೊಟ್ಟಿದ್ರಿ. ಆಕಿ ಅಲ್ಲಿ ಹೋಗಿ ಬೆಳದಾಳ. ಅದಕ್ಕ ಈಗ ಇಲ್ಲಿ ಮನಿ ಉಳದೀತು. ಆದ್ರ ಅದು ತೋಟಪ್ಪನ ಗಡಿಗಿ. ಅವನ್ನ ಕೇಳಬೇಕು."

ಕೇಳಬೇಕು. ಹೆಣ್ಣು ಕೇಳಿ ಬಂದವನನ್ನು ಓಣಿಯೆಲ್ಲ ನಗುವಂತೆ ಅಟ್ಟಿದ ಬಾಯಿಂದ, ಅವನನ್ನೇ ಕೇಳಬೇಕು. ಹೆಣ್ಣು ಕೊಡಂಗಿಲ್ಲ ಎಂದು ನಕ್ಕುಕೊಂಡೇ ಕೈಯಾರೆ ಹೆಣ್ಣು ಕೊಟ್ಟಿದ್ದೆನಲ್ಲ ಎಂದುಕೊಂಡಾಗ ಮುದುಕನಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಅಲ್ಲಿ ಅದು ಚೆನ್ನಾಗಿ ಬಾಳಿತ್ತು, ಇಲ್ಲಿ ಉಳಿಸಿಕೊಂಡದ್ದೇ ಹಾಳಾಗಿತ್ತು.

ಕೇಳುವ ಕಷ್ಟ ಅವನಿಗೆ ಬರಲಿಲ್ಲ. ತೋಟಪ್ಪ ಕಟ್ಟೆಯಿಂದ ಎದ್ದು ಬಂದು ಹೊಸ್ತಿಲ ಆಚೆಗೇ ನಿಂತ. ಕಣ್ಣು ಕೆಂಪಾಗಿದ್ದವು. "ತಟ್ಟಿ ತಗೋರಿ, ಮೇಷ್ಟ್ರ. ಬೇಕಾದಷ್ಟು ತಗೋರಿ," ಎಂದ. ಮುದುಕನ ಕಡೆ ನೋಡಲಿಲ್ಲ.

ಮೇಷ್ಟ್ರು ತಟ್ಟಿ ಕತ್ತರಿಸಿದ. ಅಂಚಿನಲ್ಲಿ ಎರಡು ದೊಡ್ಡ ಗೂಡುಗಳಿದ್ದವು. ಹಳೆಯ ಬೂಜನ್ನು ಹೊನ್ನೂರಮ್ಮ ಕೆರೆದು ಹಾಕಿದಳು. ಹೊಸ ತಟ್ಟಿಯನ್ನು ಗುಡಾಣದೊಳಗೆ ಇಟ್ಟು ತಟ್ಟೆ ಮುಚ್ಚಿದರು. "ಮಣ್ಣು ಒಣಗೋತನಕ ಬಿಗಿ ಕಟ್ಟಬೇಕು. ಇರುವೆ ಹೊಕ್ಕರ ಕೆಟ್ಟಿತು. ಗಟ್ಟಿ ದಾರ ಕೊಡ್ರಿ, ಜಲ್ದಿ," ಎಂದ ಮೇಷ್ಟ್ರು, ಎರಡು ಕೈಯಲ್ಲೂ ತಟ್ಟೆ ಒತ್ತಿ ಹಿಡಿದುಕೊಂಡು.

ದಾರಕ್ಕಾಗಿ ಹೆಂಗಸರು ಅತ್ತಿತ್ತ ನೋಡುತ್ತಿರುವಾಗ ಮುದುಕಪ್ಪ ಗೋಡೆಯ ಗೂಟದ ಕಡೆ ನಡೆದ. ಹುಣ್ಣಿಮೆಗೆಂದು ತಂದಿಟ್ಟ ಹೊಸ ಸೀರೆಯ ಮೇಲೆ, ಜಂಬಮ್ಮನ ಕೊರಳಿಗೆ ಕಟ್ಟಬೇಕಾದ ಕೆಂಪು ಬಿಳಿ ಮುತ್ತಿನ ಸರ ನೇತಾಡುತ್ತಿತ್ತು. ಮೇಣ ಸವರಿದ, ಒಂಬತ್ತೆಳೆಯ ಗಟ್ಟಿ ದಾರ. ಜನ್ಮವೆಲ್ಲ ಬಾಳಲೆಂದು ಹೊಸೆದದ್ದು. ಮುದುಕ ಅದನ್ನು ತೆಗೆದು ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದ. ಮುತ್ತುಗಳು ಪಟಪಟ ನೆಲಕ್ಕುರುಳಿ ಮೂಲೆ ಮೂಲೆಗೆ ಓಡಿದವು.

"ಅಯ್ಯಯ್ಯೋ, ಅಮ್ಮನ ಮುತ್ತು!" ಎಂದು ಭರಮಮ್ಮ ಕಿರುಚಿದಳು.

ಮುದುಕನೂ ಬೆಚ್ಚಿಬಿದ್ದ. ತನ್ನ ಕೈಯೇ ಇದನ್ನು ಮಾಡಿತೆಂದು ಅವನಿಗೆ ನಂಬಲಾಗಲಿಲ್ಲ. "ಅಮ್ಮಗ ನಾ ಹೇಳ್ಕೊಂತೀನಿ," ಎಂದು ಗೊಣಗಿ, ಬರಿದಾದ ದಾರವನ್ನು ಗುಡಾಣದ ತಳದ ಸುತ್ತ ಗೋಡೆಗೆ ಬಡಿದಿದ್ದ ಗೂಟಗಳಿಗೆ ಸುತ್ತಿ ಸುತ್ತಿ ಬಿಗಿದು ಗಂಟು ಹಾಕಿದ.

ಆಮೇಲೆ ಗೋಡೆಗೆ ಒರಗಿ ಕೂತ. ಹೊಸ್ತಿಲ ಆಚೆ ತೋಟಪ್ಪನ ಕಾಲು ಕಾಣುತ್ತಿದ್ದವು, ಪಕ್ಕದಲ್ಲಿ ಜಂಬಮ್ಮನ ಕಾಲು. ಇಬ್ಬರ ಕಾಲ್ಬೆರಳೂ ಒಂದೇ ಥರ ಹೊರಕ್ಕೆ ಬಾಗಿದ್ದವು. ಇಷ್ಟು ವರ್ಷ ಅವನು ಅದನ್ನು ನೋಡಿಯೇ ಇರಲಿಲ್ಲ.

"ಮಗಳ, ಒಳಗ ಚಾಪಿ ಹಾಸವ್ವ. ತೋಟಪ್ಪ ಹೊರಗ ನಿಂತಾನ."

ಯಾರನ್ನು ಕರೆದನೆಂದು ಹೊನ್ನೂರಮ್ಮ ಹಿಂದಕ್ಕೆ ತಿರುಗಿ ನೋಡಿದಳು.